ಹುಣಸೆಮರದ ಬಳಿ ನಿಲ್ಲದ ಬೈಸಿಕಲ್ಲು

ಬೆಳಿಗ್ಗೆ ಗೋಡೆಗೆ ಒರಗಿಸಿದ್ದ ಬೈಸಿಕಲ್ಲನ್ನು ಗಾಳಿ ಕೆಡವಿತು. ಬಿದ್ದ ಹೊಡೆತಕ್ಕೆ ಗಂಟೆ ಟಿಣ್ ಎಂದಿತು. ಯಾರೋ ಕರೆದರೆಂದು ನಾನು ಒಳಗಿನಿಂದಲೇ "ಬಂದೆ" ಎಂದು ಕೂಗಿದೆ. ದಿನವೂ ಅದನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿಯುವವನು ನಾನು. ಕಳ್ಳರ ಭಯ, ಗಾಳಿಯ ಭಯ, ಹಗ್ಗ ಸವೆದೀತೆಂಬ ಭಯ. ಇವತ್ತು ಅದು ಹೇಗೋ ಮರೆತುಹೋಗಿತ್ತು.

ನಮ್ಮ ದುರ್ಗದ ಆಷಾಢದ ಗಾಳಿಯನ್ನು ನೀವು ಸೈಕಲ್ ಮೇಲೆ ಕೂತು ಕಂಡಿಲ್ಲವಾದರೆ ನಿಮ್ಮ ಪುಣ್ಯ. ಬೆನ್ನಿಗೆ ಬಿದ್ದರೆ ತುಳಿಯಬೇಕಿಲ್ಲ. ಎದುರಿಗೆ ಬಂದರೆ ತುಳಿದೂ ಪ್ರಯೋಜನವಿಲ್ಲ. ಮದುವೆಯಾದ ವರ್ಷ ನನಗೆ ಇದು ಹೊಳೆಯಲಿಲ್ಲ. ಹೆಂಡತಿ ಆಷಾಢಕ್ಕೆಂದು ಹಿರಿಯೂರಿನ ತವರಿಗೆ ಹೋಗಿದ್ದಳು. ಆ ತಿಂಗಳು ಹೊಸ ಅಳಿಯ ಅತ್ತೆಮನೆಯ ಹೊಸಿಲು ತುಳಿಯುವಂತಿಲ್ಲ. ಗಾಡಿ ಹೊಡೆಯುವ ಸಾಬರ ಕೈಲಿ ಗುಟ್ಟಾಗಿ ಹೇಳಿಕಳಿಸಿದೆ: ಸೋಮವಾರ, ನಿಮ್ಮೂರಾಚೆಯ ಹುಣಸೆಮರದ ಕೆಳಗೆ ಬಾ.

ಗಾಳಿ ನನ್ನನ್ನು ದಬ್ಬಿಕೊಂಡೇ ಹೋಯಿತು. ಪಂಚೆ ಉಬ್ಬಿ ಗುಡಾರವಾಯಿತು, ಕಣ್ಣ ತುಂಬ ಕೆಂಧೂಳು. ಮರದಡಿ ಒಬ್ಬ ಹೆಂಗಸು ಮುಖದ ತುಂಬ ಸೆರಗೆಳೆದು ನಿಂತಿದ್ದಳು. ಸುದ್ದಿ ತಿಳಿದು ಅತ್ತೆಯೇ ಬಂದು ನಿಂತಿದ್ದಾರೆಂದುಕೊಂಡೆ. ತಲೆ ತಗ್ಗಿಸಿ ಇನ್ನೂ ಜೋರಾಗಿ ತುಳಿದೆ. ನಿಂತದ್ದು ಹೊಳೆಯ ದಂಡೆಯಲ್ಲಿ. ಎದುರುಗಾಳಿಗೆ ಸೈಕಲ್ ದಬ್ಬುತ್ತ ಹಿಂದಿರುಗುವಷ್ಟರಲ್ಲಿ ಮರದಡಿ ಯಾರೂ ಇರಲಿಲ್ಲ. ದುರ್ಗದವರೆಗೂ ದಬ್ಬಿದ್ದೇ ಬಂತು.

ಶ್ರಾವಣದಲ್ಲಿ ಬಂದವಳು ಗಂಟು ಇಳಿಸುವ ಮೊದಲೇ ಕೇಳಿದಳು. "ಕಂಡೂ ಕಾಣದಂಗೆ ಹೋದ್ರಲ್ಲ, ಏನ್ರಿ ಅವಸರ ಇತ್ತು?"

"ನೀನೇನೇ ಅದು? ನಿಮ್ಮವ್ವ ಅಂದ್ಕಂಡೆ! ಕೂಗಬೇಕಿತ್ತು."

"ಕೂಗ್ದೆ. ರೀ, ರೀ ಅಂದೆ. ಗಾಳಿ ನುಂಗ್ತು."

"ಹೆಸರು ಹಿಡಿದು ಕೂಗಿದ್ರೆ ಕೇಳ್ತಿತ್ತು."

"ಗಂಡನ್ ಹೆಸ್ರು ರಸ್ತೇಲಿ ಕೂಗಾಕೆ ನಾನೇನು ಬಜಾರೀನಾ?"

ಆಮೇಲೆ ವರ್ಷಗಟ್ಟಲೆ ಈ ಕಥೆ ಹೇಳಿ ಬಂದವರನ್ನೆಲ್ಲ ನಗಿಸಿದಳು. ಅದರಲ್ಲೂ ನನ್ನ ಹೆಸರು ಬರುತ್ತಿರಲಿಲ್ಲ, "ಇವ್ರು" ಬರುತ್ತಿದ್ದರು. ಹೋದ ಮಾಘದಲ್ಲಿ ಅವಳಿಗೆ ಜ್ವರ ಏರಿ ಇಳಿಯದಾದಾಗ, ಕಿವಿ ಹತ್ತಿರ ತಂದು "ಒಂದ್ಸಲ ಹೆಸರು ಹೇಳೇ" ಎಂದೆ. "ನಾಚ್ಕೆ ಆಗಲ್ವಾ? ಮಕ್ಳು ಇಲ್ಲೇ ಅವೆ" ಎಂದು ಮುಖ ಆಚೆ ತಿರುಗಿಸಿದಳು. ನಗುತ್ತಿದ್ದಳೋ ಏನೋ, ಕಾಣಲಿಲ್ಲ. ಮತ್ತೆ ಕೇಳಲು ಅವಕಾಶ ಸಿಗಲಿಲ್ಲ.

ಇವತ್ತು "ಬಂದೆ" ಎಂದು ಕೂಗಿ ಬಾಗಿಲಿಗೆ ಬಂದು ನೋಡಿದರೆ ಬೀದಿ ಖಾಲಿ. ಸೈಕಲ್ಲನ್ನು ಎತ್ತಿ, ಧೂಳೊರೆಸಿ, ಗಾಳಿ ಬರುವ ಕಡೆಗೇ ಒರಗಿಸಿದೆ. ಹಗ್ಗ ಒಳಗೇ ಇತ್ತು. ತರಲಿಲ್ಲ.