ನಾನು ಅಳಿಸಿದ ಚಿಕ್ಕಣ್ಣ

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಚಿತ್ರದುರ್ಗದಲ್ಲಿ, ಕುರಿಗಾರರ ಒಂದು ಕಂಪನಿಯ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥ. ಮುಖ್ಯಸ್ಥ ಎನ್ನುವುದು ಹೆಸರಿಗೆ ಮಾತ್ರ, ವಿಭಾಗದಲ್ಲಿ ಇದ್ದವನು ನಾನೊಬ್ಬನೇ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕೇಂದ್ರಗಳಲ್ಲಿ ಸದಸ್ಯರ ಕುರಿಗಳಿಗೆ ಲಸಿಕೆ ಕೊಡುತ್ತಿದ್ದೆವು. ಸದಸ್ಯರ ನಂಬರ್ ಒತ್ತಿದರೆ ಅವರ ಹೆಸರು, ಕುರಿಗಳ ಲೆಕ್ಕ ಪರದೆಯ ಮೇಲೆ ಬರಬೇಕು, ಆಮೇಲೆಯೇ ಲಸಿಕೆ. ಈ ವಿವರವಿರುವ ಮೂಲ ಪಟ್ಟಿಗೆ ಮಾಸ್ಟರ್ ಎನ್ನುತ್ತೇವೆ. ಅದರಲ್ಲಿ ಇಲ್ಲದವರು ಎದುರಿಗೇ ನಿಂತಿದ್ದರೂ ಕಂಪ್ಯೂಟರಿನ ಪಾಲಿಗೆ ಇಲ್ಲ.

ಒಂದು ಸೋಮವಾರ ಹಿರಿಯೂರಿನಿಂದ ಮಂಜುಳಾ ಫೋನ್ ಮಾಡಿದರು. ಬಬ್ಬೂರಿನವರು, ಅಲ್ಲಿನ ಕೇಂದ್ರದಲ್ಲಿ ಎಂಟ್ರಿ ಮಾಡುತ್ತಿದ್ದರು. ವರ್ಷದ ಗುತ್ತಿಗೆಯ ಕೆಲಸ, ಆ ತಿಂಗಳೇ ನವೀಕರಣವಾಗಬೇಕಿತ್ತು. ಚಿಕ್ಕಣ್ಣ ಎಂಬವರ ನಂಬರ್ ಹಾಕಿದರೆ ‘ದಾಖಲೆ ಸಿಗಲಿಲ್ಲ’ ಎಂದು ಬರುತ್ತಿದೆ, ಎಂಟ್ರಿ ಮಾಡಿದ್ದು ತಾನೇ ಎಂದರು. ಹುಡುಕಿದೆ. ಅದೇ ಊರಿನ ಚಿಕ್ಕಣ್ಣ ಬೇರೊಂದು ನಂಬರಿನಲ್ಲಿದ್ದರು. ನಂಬರ್ ತಪ್ಪು ಬರೆದುಕೊಟ್ಟಿದ್ದೀರಿ ಎಂದು ಗದರಿದೆ. ಅವರು ಇನ್ನೂ ಏನೋ ಹೇಳುತ್ತಿದ್ದರು. ಕೇಳುವ ತಾಳ್ಮೆ ನನಗೆಲ್ಲಿತ್ತು? ದೂರು ದಾಖಲಾಗುವ ಟಿಕೆಟ್‌ನಲ್ಲಿ ‘ಮಂಜುಳಾ ಅವರ ಎಂಟ್ರಿ ಲೋಪ’ ಎಂದು ಬರೆದು ಮುಚ್ಚಿದೆ. ಆ ವಾರ ಅಲ್ಲಿಂದ ಅಂಥವೇ ಇನ್ನೂ ಐದು ದೂರು ಬಂದವು. ಐದಕ್ಕೂ ಅದೇ ಷರಾ.

ಕೊನೆಗೆ ಮ್ಯಾನೇಜರ್ ನನ್ನನ್ನು ಹಿರಿಯೂರಿಗೆ ಕಳಿಸಿದರು. ಕೇಂದ್ರದ ಬೆಂಚಿನ ಮೇಲೆ ಇಬ್ಬರು ಕುರಿಗಾರರು ಕೂತಿದ್ದರು. ಹೆಸರು ಕೇಳಿದೆ. ಒಬ್ಬರು ಚಿಕ್ಕಣ್ಣ. ಇನ್ನೊಬ್ಬರೂ ಚಿಕ್ಕಣ್ಣ.

“ಅಜ್ಜನ ಹೆಸ್ರು ಸಾ. ಅಣ್ಣತಮ್ಮರ ಮಕ್ಳು ನಾವು, ಇಬ್ರಿಗೂ ಅದೇ ಇಟ್ಟವ್ರೆ,” ಎಂದರು ಹಿರಿಯವರು.

ಫೋನ್ ಮನೆಗೆಲ್ಲ ಒಂದೇ ಅಂತೆ. ಕುರಿ ಹಿಂದೆ ಹೋಗುವವರು ಅದನ್ನು ಒಯ್ಯುವುದಿಲ್ಲ, ಮನೆಯ ಹೆಂಗಸರ ಹತ್ತಿರ ಇರುತ್ತದೆ.

ಆಗ ಹೊಳೆಯಿತು. ಹಿಂದಿನ ತಿಂಗಳು ಮಾಸ್ಟರ್ ಸ್ವಚ್ಛ ಮಾಡುತ್ತೇನೆಂದು ಹೊರಟು, ಹೆಸರು, ಊರು, ಫೋನ್ ಮೂರೂ ಒಂದೇ ಇದ್ದ ಕಡೆ, ಒಬ್ಬರೇ ಎರಡು ಸಲ ಸೇರಿದ್ದಾರೆಂದುಕೊಂಡು ಒಂದು ಎಂಟ್ರಿ ಉಳಿಸಿ ಮಿಕ್ಕದ್ದನ್ನು ಅಳಿಸಿದ್ದೆ. ಒಟ್ಟು ಅರವತ್ತನಾಲ್ಕು. ತಂದೆಯ ಹೆಸರಿನ ಕಾಲಂ ನೋಡುವ ಗೋಜಿಗೇ ಹೋಗಿರಲಿಲ್ಲ. ನಾನೂ ಕುರಿಗಾರರ ಮನೆಯವನೇ. ನನಗೂ ನನ್ನ ದೊಡ್ಡಪ್ಪನ ಮಗನಿಗೂ ಅಜ್ಜನದೇ ಹೆಸರು. ನಾಚಿಕೆಗೇಡು!

ಬ್ಯಾಕಪ್‌ನಿಂದ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಮರಳಿ ತಂದೆ. ಮಂಜುಳಾ ಟೀ ತರಿಸಿಕೊಟ್ಟು, ದೊಡ್ಡ ಉಪಕಾರವಾಯಿತು ಎಂದರು. ಸರ್ವರ್ ತೊಂದರೆ ಎಂದುಬಿಟ್ಟೆ. ಮ್ಯಾನೇಜರಿಗೂ ಅದನ್ನೇ ಹೇಳಿದೆ. ಟಿಕೆಟ್‌ಗಳ ಮಾತೇ ಎತ್ತಲಿಲ್ಲ. ನಾನು ಅಂಥ ಹೇಡಿ. ತಿಂಗಳ ಕೊನೆಗೆ ಆ ಆರು ಲೋಪ ತೋರಿಸಿ ಮಂಜುಳಾ ಅವರ ಗುತ್ತಿಗೆಯನ್ನು ನಿಲ್ಲಿಸಿದರು.

ಆಮೇಲೆ ಮ್ಯಾನೇಜರ್ ಮುಂದೆ ಒಪ್ಪಿಕೊಂಡೆ. ಅವರು ಉಗಿದು, ಹೋಗಿ ಕರೆದುಕೊಂಡು ಬಾ ಎಂದರು. ಬಬ್ಬೂರಿಗೆ ಹೋದೆ. ಮಂಜುಳಾ ಅಷ್ಟರಲ್ಲಿ ಹೊಲದ ಕೂಲಿಗೆ ಹೋಗುತ್ತಿದ್ದರು. ನಡೆದದ್ದೆಲ್ಲ ಹೇಳಿದೆ.

“ಬರ್ತೀನಿ ಸಾರ್. ಆ ಟಿಕೆಟ್ನಾಗೆ ನನ್ ಹೆಸ್ರು ಐತಲ್ಲ, ಮೊದ್ಲು ಅದನ್ನ ತೆಗೀರಿ,” ಎಂದರು.

ಮುಚ್ಚಿದ ಟಿಕೆಟ್ ತಿದ್ದಲು ಬರುವುದಿಲ್ಲ, ಹೊಸದೊಂದು ಬರೆದು ಸೇರಿಸಬಹುದು ಅಷ್ಟೇ. ಆ ನಿಯಮ ಮಾಡಿದವನೂ ನಾನೇ. ತಲೆ ತಗ್ಗಿಸಿ ಅದನ್ನೇ ಹೇಳಿದೆ.

“ಅರವತ್ನಾಲ್ಕು ಜನದ ಹೆಸ್ರು ಅಳಿಸೋಕೆ ಆತು ನಿಮ್ಗೆ. ನಂದೊಂದು ಆಗಲ್ವಾ?”

ಅವರು ಮರಳಿ ಬರಲಿಲ್ಲ. ಈಗ ಯಾವ ದಾಖಲೆ ಕಾಣೆಯಾದರೂ, ಅಳಿಸಿದವನು ನಾನೇ ಇರಬಹುದೇ ಎಂದು ಮೊದಲು ನೋಡುತ್ತೇನೆ. ನನ್ನ ಕೆಲಸ ಕಲಿಸಿದ ಪಾಠ ಇಷ್ಟೇ. ಅದನ್ನು ನಾನು ಕಲಿಯಲು ಅವರ ಕೆಲಸ ಹೋಗಬೇಕಾಯಿತು.