ತಮ್ಮನ ಚಾವಿ

ಕಪ್ಪು ಟೇಪಿನ ಅಂಟು ಬಿಸಿಲಿಗೆ ಕರಗಿದಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಮೊನ್ನೆ ನರೋಣಾದಲ್ಲಿ ನಾನು ಕಲಿಸುವ ಶಾಲೆಯ ಮುಂದೆ ಕಾರು ನಿಲ್ಲಿಸಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಹಿಂದೆಯೇ ಸ್ಟೇರಿಂಗಿನ ಕೆಳಗಿಂದ ಒಂದು ಚಾವಿ ಕಳಚಿ ನನ್ನ ಪಾದದ ಮೇಲೆ ಬಿತ್ತು. ನನ್ನ ಚಾವಿ ನನ್ನ ಕೈಯಲ್ಲೇ ಇತ್ತು. ಬಿದ್ದದ್ದು ನನ್ನ ತಮ್ಮ ಮಲ್ಲಿನಾಥನದು. ಅವನು ತೀರಿಹೋಗಿ ಕೆಲವು ವರ್ಷಗಳಾದವು.

ಇದನ್ನು ಹೇಳಬೇಕಾದರೆ ಮೊದಲು ನನ್ನ ಕಾರಿನ ಮರ್ಯಾದೆ ತೆಗೆಯಬೇಕು. ಮಾಸ್ತರನ ಕಾರು ಎಂದರೆ ನಿಮಗೆ ತಿಳಿಯಿತಲ್ಲ. ಚಳಿಗಾಲದಲ್ಲಿ ಅದನ್ನು ಚಾಲೂ ಮಾಡುವುದೆಂದರೆ ಮುನಿಸಿಕೊಂಡ ಅಳಿಯನನ್ನು ಊಟಕ್ಕೆ ಎಬ್ಬಿಸಿದಂತೆ. ಮಲ್ಲಿನಾಥ ಅದೇ ಕಂಪನಿಯ ಹೊಸ ಕಾರು ಕೊಂಡಿದ್ದ. ತಾನಿದ್ದ ಇಜೇರಿಯಿಂದ ಆಳಂದದ ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಕಾರಿನ ಬಾನೆಟ್ ತಟ್ಟಿ, "ಅಣ್ಣಾ, ಇದಕ್ಕ ವಯಸ್ಸಾಗ್ಯದ, ಬುದ್ಧಿ ಬಂದಿಲ್ಲ. ನನ್ನ ಗಾಡಿದು ಒಂದೀಟು ತಗೊಂಡು ಹಾಕಿಸ್ಕೋ" ಎನ್ನುತ್ತಿದ್ದ.

"ನಿನಗಽ ಇಲ್ಲ, ನಿನ್ನ ಗಾಡಿಗಿ ಎಲ್ಲಿಂದ ಬರ್ತದಲೇ" ಎಂದು ನಾನೂ ಬಿಡುತ್ತಿರಲಿಲ್ಲ.

ಆ ಚೇಷ್ಟೆಯೇ ನಿಜವಾಯಿತು. ಅಫಜಲಪುರದ ರಸ್ತೆಯಲ್ಲಿ ಲಾರಿ ಬಡಿದು ಅವನು ಹೋದ. ಎಂಜಿನ್ ಒಡೆದ ಅವನ ಕಾರು ಆಳಂದದಲ್ಲಿ ನನ್ನ ಗೆಳೆಯ ಖಾಜಾಸಾಬನ ಗ್ಯಾರೇಜಿನ ಹಿಂದೆ ತಾಡಪತ್ರಿ ಹೊದ್ದು ನಿಂತಿತು. ಮರುವರ್ಷ ನನ್ನ ಕಾರಿನ ಎಂಜಿನ್ ನಡೆಸುವ ಕಂಪ್ಯೂಟರ್ ಸುಟ್ಟಿತು. ಅಷ್ಟು ಹಳೆಯ ಕಾರಿಗೆ ಹೊಂದುವಂಥದ್ದು ಎಲ್ಲೂ ಸಿಗಲಿಲ್ಲ. ಖಾಜಾ ಅರಿವೆಯಿಂದ ಕೈ ಒರೆಸಿಕೊಂಡ.

"ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ಮಲ್ಲಣ್ಣನ ಗಾಡ್ಯಾಗಿಂದು ಕಂಪ್ಯೂಟರ್, ವೈರಿಂಗ್ ಎರಡೂ ಛಲೋ ಅವ. ನಿಮ್ಮ ಗಾಡಿಗಿ ಕೂಡ್ತಾವ" ಎಂದ.

ನನಗೆ ಸಿಟ್ಟು ಬರಲಿಲ್ಲ, ಅಳು ಬಂತು.

ಹಳೆಯ ಕಾರಿನ ತಂತಿಗಳನ್ನೆಲ್ಲ ಕಿತ್ತು ಹೊಸ ಕಾರಿನವನ್ನು ಕೂಡಿಸುವ ಕೆಲಸ ನೋಡುವವರ ತಾಳ್ಮೆಯನ್ನೂ ತಿನ್ನುತ್ತದೆ. ನಾನು ಟಾರ್ಚ್ ಹಿಡಿದು ಕೂತೆ. ಬೇಡದ ಕಡೆಗೆ ಹಿಡಿದು ಬೈಸಿಕೊಂಡೆ. ಕೊನೆಗೆ ಎಂಜಿನ್ ಚಾಲೂ ಆಯಿತು, ಒಂದು ಉಸಿರು ತೆಗೆದು ಆರಿತು. ಮತ್ತೆ ಚಾಲೂ ಆಯಿತು, ಮತ್ತೆ ಆರಿತು. ಖಾಜಾ ಹಣೆ ಬಡಿದುಕೊಂಡ. ನಾವಿಬ್ಬರೂ ಮರೆತಿದ್ದೆವು. ಹೊಸ ಕಾರಿನ ಕಂಪ್ಯೂಟರ್ ತನ್ನ ಚಾವಿಯೊಳಗಿನ ಚಿಪ್ ಅನ್ನು ಗುರುತು ಹಿಡಿಯದೆ ಎಂಜಿನ್ ನಡೆಸುವುದಿಲ್ಲ. ಅದಕ್ಕೆ ಮಲ್ಲಿನಾಥನ ಚಾವಿಯೇ ಹತ್ತಿರ ಇರಬೇಕು.

ಆ ಚಾವಿ ಇಜೇರಿಯಲ್ಲಿ, ಅವನ ಹೆಂಡತಿ ಸುವರ್ಣಾಳ ಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿತ್ತು. ಮನೆಗೆ ಬಂದವನೇ ಅವನು ಅದನ್ನು ಹಾಕುತ್ತಿದ್ದ ಜಾಗ ಅದು. ಆಸ್ಪತ್ರೆಯಿಂದ ಬಂದ ಅವನ ಸಾಮಾನಿನ ಗಂಟು ಬಿಚ್ಚಿ ಅವಳೇ ಅಲ್ಲಿ ತೂಗುಹಾಕಿದ್ದಳು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹೋಗಿ ಕೂತು ಚಹಾ ಕುಡಿದೆ. ಏನೆಂದು ಅವಳೇ ಕೇಳಿದ ಮೇಲೆ ಹೇಳಿದೆ. ಎದ್ದು ಹೋಗಿ ಚಾವಿ ತೆಗೆದು, ಸೆರಗಿನಿಂದ ಒರೆಸಿ, ನನ್ನ ಮುಂದೆ ನೆಲದ ಮೇಲಿಟ್ಟಳು. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಕೈಗೆ ನೇರವಾಗಿ ಏನನ್ನೂ ಕೊಡುವುದಿಲ್ಲ. ಖಾಜಾ ಅದನ್ನು ಸ್ಟೇರಿಂಗಿನ ಕೆಳಗಿಟ್ಟು ಟೇಪು ಸುತ್ತಿದ, ಕಾರು ನಡೆಯಿತು. ತಿರುಗಿಸಲು ನನ್ನ ಚಾವಿ, ಗುರುತಿಗೆ ಅವನದು.

ಮೊನ್ನೆ ಅದು ಕಳಚಿ ಬಿದ್ದ ಮೇಲೆ ಹೇಗೋ ಅಲ್ಲೇ ಸಿಕ್ಕಿಸಿಕೊಂಡು ಮತ್ತೆ ಖಾಜಾನ ಬಳಿ ಹೋದೆ.

"ಈಗ ಉಪಾಯ ಬಂದದ್ರಿ. ಚಾವಿ ಕೇಳೋದಽ ಕಂಪ್ಯೂಟರಿಗಿ ಮರೆಸಿಬಿಡ್ತೇನಿ. ಆಮ್ಯಾಲ ಇದನ್ನ ವಾಪಸ್ ಕೊಟ್ಟು ಬರ್ರಿ" ಎಂದ.

ಅವಳ ವಸ್ತು ಅವಳಿಗೆ ಮುಟ್ಟುತ್ತದೆಂಬ ಸಂತೋಷದಲ್ಲಿ, ಆ ಸುದ್ದಿ ಮೊದಲೇ ಹೇಳೋಣವೆಂದು ಇಜೇರಿಗೆ ಹೋದೆ. ಕಾರಿನಿಂದ ಚಾವಿ ಬಿಚ್ಚಿಕೊಂಡು ಅವಳ ಮನೆಯೊಳಗೆ ಹೋದರೆ ಬಾಗಿಲ ಪಕ್ಕ ಮೊಳೆ ಇರಲಿಲ್ಲ. ಗೋಡೆಯ ತೂತಿಗೆ ಸುಣ್ಣ ಮೆತ್ತಿತ್ತು.

"ಕಿತ್ತೇನ್ರಿ ಭಾವ" ಎಂದಳು ಸುವರ್ಣಾ. "ಬರೇ ಮೊಳಿ ನೋಡಿ ನೋಡಿ ಸಾಕಾಗಿತ್ತು."

ಚಾವಿಯನ್ನು ಅವಳ ಮುಂದಿಟ್ಟು ಖಾಜಾ ಹೇಳಿದ್ದನ್ನು ಹೇಳಿದೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತಳು.

"ಮಂದಿ ಎಲ್ಲಾ ಮರ್ತಾರ. ನನಗೂ ಒಮ್ಮೊಮ್ಮೆ ಅವ್ರ ದನಿ ನೆನಪಾಗಂಗಿಲ್ಲ. ನಿಮ್ಮ ಗಾಡಿ ಒಂದಽ ದಿನಾ ಮುಂಜಾನಿ ಅವ್ರನ್ನ ಕೇಳ್ತದಲ್ರಿ. ಅದಕ್ಕ ಮರೆಸಬ್ಯಾಡ್ರಿ."

ಎದ್ದು ಬಂದು ಚಾವಿಯನ್ನು ನನ್ನ ಕೈಯಲ್ಲೇ ಇಟ್ಟಳು.

ಹೊಸ ಟೇಪು ಸುತ್ತಿದ್ದೇನೆ. ಬೆಳಿಗ್ಗೆ ನನ್ನ ಚಾವಿ ತಿರುಗಿಸಿದಾಗ ಕಾರು ಮೊದಲು ಅವನಿದ್ದಾನೆಯೇ ಎಂದು ನೋಡುತ್ತದೆ. ಆ ಒಂದು ಗಳಿಗೆ ನಾನೂ ಉಸಿರು ಹಿಡಿದು ಕಾಯುತ್ತೇನೆ.