ಐವತ್ತೈದು ನಿಮಿಷದ ಹೂಸ್ಟನ್

ನನಗೊಂದು ಕೆಟ್ಟ ಚಟವಿದೆ. ಯಾವ ಎರಡು ಊರುಗಳ ಹೆಸರು ಕಿವಿಗೆ ಬಿದ್ದರೂ ನಡುವಿನ ದೂರವೆಷ್ಟು, ವಿಮಾನದಲ್ಲಿ ಎಷ್ಟು ಹೊತ್ತು ಎಂದು ಹೇಳಿಬಿಡಬೇಕು. ಯುರೋಪಿಗೆ ಕಾಲಿಡದವನು ನಾನು. ಆದರೂ ಲಂಡನ್ನಿನಿಂದ ಪ್ಯಾರಿಸ್ಸಿಗೆ ಒಂದೂಕಾಲು ಗಂಟೆ ಎಂದು ಅಲ್ಲೇ ಹುಟ್ಟಿದವನಂತೆ ಹೇಳುತ್ತೇನೆ. ನನ್ನ ಹೆಂಡತಿ ಶಾರದ ಇಂಥ ಹೊತ್ತಿನಲ್ಲಿ ಅಡುಗೆಮನೆಗೆ ಎದ್ದು ಹೋಗುತ್ತಾಳೆ.

ಆಗ ನಾವು ಡಾಲಸ್ಸಿನ ಉತ್ತರಕ್ಕೆ ಮೆಕಿನ್ನಿಯಲ್ಲಿದ್ದೆವು. ಪ್ರತಿ ಭಾನುವಾರ ನಮ್ಮನೆಗೆ ಸಾರನ್ನಕ್ಕೆ ಬರುತ್ತಿದ್ದ ವಿದ್ಯಾರ್ಥಿನಿ ರೂಪಾಳ ಮದುವೆ ಹೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿ ಗೊತ್ತಾಯಿತು. ಅವಳ ಅಪ್ಪ ಅಮ್ಮನಿಗೆ ವೀಸಾ ಸಿಗಲಿಲ್ಲ. "ಅಂಕಲ್, ನೀವೂ ಆಂಟಿನೂ ಧಾರೆ ಎರೀತೀರಾ?" ಎಂದು ಕೇಳಿದಳು. ನಮಗೆ ಮಕ್ಕಳಿಲ್ಲ. ಶಾರದ ಎದ್ದು ಅವಳನ್ನು ತಬ್ಬಿಕೊಂಡಳು.

ಶುಕ್ರವಾರ ಶಾರದ ಮದುಮಗಳನ್ನು ಕೂರಿಸಿಕೊಂಡು ಕಾರಿನಲ್ಲಿ ಹೊರಟಳು. ಜೊತೆಗೆ ಹೋಗಲು ನಾನು ಒಪ್ಪಲಿಲ್ಲ. "ಐದು ಗಂಟೆ ಯಾರು ಕೂರ್ತಾರೆ? ನಾಳೆ ಬೆಳಿಗ್ಗೆ ಹಾರಿ ಬರ್ತೀನಿ. ಐವತ್ತೈದೇ ನಿಮಿಷ."

"ನಾವು ಊಟಕ್ಕೆ ಹೋಗೋ ನೆಂಟರಲ್ಲ ಕಣ್ರೀ," ಎಂದಳು.

ವಿಮಾನವೇನೋ ಮಾತಿಗೆ ತಪ್ಪಲಿಲ್ಲ. ಒಂಬತ್ತೂವರೆಗೆ ಇಳಿದು, ಕರೆದೊಯ್ಯಲು ಬರಬೇಕಿದ್ದ ಮದುಮಗನ ಗೆಳೆಯನಿಗೆ ಗತ್ತಿನಿಂದಲೇ ಫೋನ್ ಮಾಡಿದೆ. "ಸಾರ್, ನಾನು ಬಾಗಿಲಲ್ಲೇ ನಿಂತಿದೀನಿ, ನೀವೆಲ್ಲಿ?" ಎಂದ. ನಾನೂ ಬಾಗಿಲಲ್ಲೇ ನಿಂತಿದ್ದೆ. ಹೂಸ್ಟನ್ನಿಗೆ ಎರಡು ವಿಮಾನ ನಿಲ್ದಾಣ. ಅವನು ದಕ್ಷಿಣದ್ದರಲ್ಲಿದ್ದ, ಜಗತ್ತಿನ ದೂರವನ್ನೆಲ್ಲ ಬಲ್ಲ ನಾನು ಟಿಕೆಟ್ ಕೊಂಡಿದ್ದು ಉತ್ತರದ್ದಕ್ಕೆ.

ಟ್ಯಾಕ್ಸಿ ಹತ್ತಿದೆ. ಮುಂದೆ ರಸ್ತೆ ರಿಪೇರಿ. ಮೂರು ಸಾಲಿನ ವಾಹನಗಳು ಒಂದೇ ಸಾಲಿಗೆ ಇಳಿದು ತೆವಳುತ್ತಿದ್ದವು. ಮುಹೂರ್ತ ಹತ್ತೂವರೆಗೆ. ಹತ್ತೂ ನಲವತ್ತಕ್ಕೆ ಶಾರದಳ ಫೋನ್ ಬಂತು. ಬೈಯುತ್ತಾಳೆಂದು ಹೆದರಿ ಎತ್ತಿದೆ; ಬೈಯಲಿಲ್ಲ. "ಹನ್ನೊಂದೂಕಾಲಿನವರೆಗೂ ಲಗ್ನ ಇದೆಯಂತೆ. ಬೇರೆ ಯಾರನ್ನಾದ್ರೂ ಕೂರಿಸೋಣ ಅಂದ್ರೆ ರೂಪಾ ಒಪ್ತಾ ಇಲ್ಲ. ಅಂಕಲ್ ಬರ್ಲಿ ಅಂತ ಕೂತ್ಬಿಟ್ಟಿದಾಳೆ."

ಅಷ್ಟು ಸಣ್ಣವನಾಗಿ ನಾನು ಎಂದೂ ಯಾವ ವಾಹನದಲ್ಲೂ ಕುಳಿತಿರಲಿಲ್ಲ.

ಹನ್ನೊಂದೂ ಹತ್ತಕ್ಕೆ ಮಂಟಪಕ್ಕೆ ಓಡಿದೆ. ಯಾರೋ ಪ್ಯಾಂಟಿನ ಮೇಲೇ ಪಂಚೆ ಸುತ್ತಿದರು. ರೂಪಾ ತಲೆಯೆತ್ತಿ ನೋಡಿ ಅಳುತ್ತಲೇ ನಕ್ಕಳು. ಶಾರದ ತಂಬಿಗೆ ಬಗ್ಗಿಸಿದಳು; ನನ್ನ ಕೈಗಳ ಮೇಲಿಂದ ಹರಿದ ನೀರು ಮದುಮಕ್ಕಳ ಕೈ ದಾಟಿ ತಟ್ಟೆಗೆ ಬಿತ್ತು. ಪಕ್ಕದಲ್ಲಿ ಸ್ಪೀಕರ್ ಹಾಕಿಟ್ಟ ಫೋನಿನೊಳಗೆ ರೂಪಾಳ ಅಪ್ಪ ಹಾಸನದಿಂದ ಕಿವಿಗೊಟ್ಟು ಕೂತಿದ್ದರು.

ಆಮೇಲೆ ಫೋನ್ ಎತ್ತಿಕೊಂಡೆ. "ಕ್ಷಮಿಸಿ ಸಾರ್, ತಡ ಮಾಡ್ಬಿಟ್ಟೆ. ಆ ಏರ್‌ಪೋರ್ಟಿಂದ ಇಲ್ಲಿಗೆ..."

"ಇರ್ಲಿ ಬಿಡಿ ಸಾರ್," ಎಂದರು. "ನೀವು ತಲುಪಿದ್ರಲ್ಲ."

ಎಷ್ಟು ಮೈಲಿ, ಎಷ್ಟು ನಿಮಿಷ ಎಂದು ಹೇಳಲು ಹೊರಟಿದ್ದ ನಾಲಗೆ ಹಾಗೇ ನಿಂತಿತು.

"ನೀರು ಬಿದ್ದ ಸದ್ದು ಕೇಳಿಸ್ತಾ ಸಾರ್?" ಎಂದೆ.

"ಕೇಳಿಸ್ತು," ಎಂದರು. "ಇಲ್ಲೇ ಬಿದ್ದ ಹಾಗಿತ್ತು."